ಕೈ ನಡುಗಲಿ ಬಿಡಿ, ಬೆರಳು ಆತುರಪಡದಿರಲಿ

ಮಕ್ಕಳನ್ನು ಶೂಟಿಂಗ್ ಕ್ಲಾಸಿಗೆ ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂತು ಕಾಯುವ ಅಮ್ಮಂದಿರೇ, ಒಂದು ದಿನ ನೀವೂ ಒಳಗೆ ಹೋಗಿ ನೋಡಿ. ಏರ್ ಪಿಸ್ತೂಲ್ ಹಿಡಿಯುವುದು ಹೇಗೆ, ಅದನ್ನು ಮನೆಯಲ್ಲಿ ಜೋಪಾನ ಮಾಡುವುದು ಹೇಗೆ? ಇಲ್ಲಿದೆ ನೋಡಿ.

"ಏನೇ ಇದು, ಸೌಟು ಹಿಡಿಯೋ ಕೈಲಿ ಪಿಸ್ತೂಲು?"

ಮೊದಲ ಸಲ ರೇಂಜ್‌ನಿಂದ ಮನೆಗೆ ಬಂದು ತೂತು ಬಿದ್ದ ಕಾಗದದ ಟಾರ್ಗೆಟ್ ತೋರಿಸಿದಾಗ ನಮ್ಮ ಅತ್ತೆ ಕೇಳಿದ್ದು ಇದನ್ನೇ. ಆಗ ನನಗೆ 41 ವರ್ಷ. ಮಗನನ್ನು ಏರ್ ಪಿಸ್ತೂಲ್ ಕ್ಲಾಸಿಗೆ ಬಿಟ್ಟು, ಹೊರಗೆ ಕೂತು ಅವರೆಕಾಯಿ ಬಿಡಿಸೋದು ನನ್ನ ಶನಿವಾರದ ಕೆಲಸವಾಗಿತ್ತು. ಒಂದು ದಿನ ಕೋಚ್, "ಮೇಡಂ, ಸುಮ್ನೆ ಕೂತಿರ್ತೀರಲ್ಲ, ಒಳಗೆ ಬನ್ನಿ, ಐದು ಗುಂಡು ಹೊಡೆದು ನೋಡಿ" ಅಂದರು. ಹೊಡೆದೆ. ಐದರಲ್ಲಿ ಎರಡು ಕಾಗದಕ್ಕೇ ತಾಗಲಿಲ್ಲ! ಮಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ನಾಲ್ಕು ತಿಂಗಳಾದ ಮೇಲೆ ಅವನು ಕ್ರಿಕೆಟ್ ಕೋಚಿಂಗ್‌ಗೆ ಸೇರಿಕೊಂಡ. ನಾನು ಮಾತ್ರ ಅಲ್ಲೇ ಉಳಿದುಕೊಂಡೆ.

ಇದೇನು ನನ್ನೊಬ್ಬಳ ಹುಚ್ಚಲ್ಲ. ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೊಹ್ರಿ ಹಳ್ಳಿಯ ಚಂದ್ರೊ ತೋಮರ್ ಹೆಸರು ಕೇಳಿರ್ತೀರಿ. 1999ರಲ್ಲಿ ಮೊಮ್ಮಗಳನ್ನು ರೈಫಲ್ ಕ್ಲಬ್‌ಗೆ ಕರೆದುಕೊಂಡು ಹೋದ ಅಜ್ಜಿ, ತಾನೇ ಪಿಸ್ತೂಲು ಎತ್ತಿಕೊಂಡರು. ಅರವತ್ತು ದಾಟಿದ ವಯಸ್ಸು, ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ಅವರ ಓರಗಿತ್ತಿ ಪ್ರಕಾಶಿ ತೋಮರ್ ಕೂಡ ಜೊತೆಯಾದರು. 'ಶೂಟರ್ ದಾದಿ'ಯರು ಅಂತಲೇ ದೇಶಕ್ಕೆಲ್ಲ ಪರಿಚಯವಾದ ಇವರ ಮೇಲೆ 2019ರಲ್ಲಿ 'ಸಾಂಡ್ ಕಿ ಆಂಖ್' ಸಿನಿಮಾನೂ ಬಂತು. ಚಂದ್ರೊ 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು. ತೋಳು ಗಟ್ಟಿಯಾಗಲು ಅವರು ಮಾಡುತ್ತಿದ್ದ ಅಭ್ಯಾಸ ಏನು ಗೊತ್ತಾ? ನೀರು ತುಂಬಿದ ಜಗ್ಗನ್ನು ಕೈ ಚಾಚಿ ಹಿಡಿದು ನಿಲ್ಲೋದು. ಜಗ್ಗು ನಮ್ಮೆಲ್ಲರ ಅಡುಗೆಮನೆಯಲ್ಲೂ ಇದೆ!

ನಮ್ಮ ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಮಹಿಳಾ ತಂಡದ ಜೊತೆ ಒಂದು, ಸರಬ್‌ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡದಲ್ಲಿ ಇನ್ನೊಂದು ಬೆಳ್ಳಿ ತಂದರು. ನಾವು ನೀವು ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ. ಕ್ಲಬ್ ಮಟ್ಟದ ಪಂದ್ಯ, ಆಮೇಲೆ ರಾಜ್ಯ ಮಟ್ಟದ ಪಂದ್ಯ... ಅಲ್ಲಿಗೆ ಹೋಗಿ ನಿಂತರೆ ಅದರ ಖುಷಿಯೇ ಬೇರೆ.

ಏನಿದು ಆಟ?

ಏರ್ ಪಿಸ್ತೂಲ್ ಅಂದರೆ ಮದ್ದಿಲ್ಲದ ಪಿಸ್ತೂಲು. ಒತ್ತಡದಲ್ಲಿರುವ ಗಾಳಿ 4.5 ಮಿಲಿಮೀಟರ್ ಗಾತ್ರದ ಪುಟ್ಟ ಸೀಸದ ಪೆಲೆಟ್ಟನ್ನು ತಳ್ಳುತ್ತದೆ, ಅಷ್ಟೆ. ಟಾರ್ಗೆಟ್ 10 ಮೀಟರ್ ದೂರದಲ್ಲಿರುತ್ತದೆ. ಅದರ ನಡುವಿನ ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಹೆಚ್ಚು ಕಡಿಮೆ ನಿಮ್ಮ ಯಜಮಾನರ ಷರ್ಟಿನ ಗುಂಡಿಯಷ್ಟು! ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು, ಇನ್ನೊಂದು ಕೈ ತಾಗಿಸುವ ಹಾಗಿಲ್ಲ.

ಮೊದಲು ಹೆಂಗಸರಿಗೆ 40 ಗುಂಡುಗಳ ಪಂದ್ಯ ಇತ್ತು. 2018ರಿಂದ ಗಂಡಸರ ಹಾಗೆಯೇ 60. ಎಲೆಕ್ಟ್ರಾನಿಕ್ ಟಾರ್ಗೆಟ್ ಆದರೆ ಅದಕ್ಕೆ 75 ನಿಮಿಷ. ಅಂದರೆ ಗುಂಡೊಂದಕ್ಕೆ 75 ಸೆಕೆಂಡ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶುರುವಿನಲ್ಲೇ ಪಿಸ್ತೂಲು ಕೊಳ್ಳಲು ಹೋಗಬೇಡಿ. ಪಂದ್ಯಕ್ಕೆ ಆಗುವಂಥ ವಿದೇಶಿ ಪಿಸ್ತೂಲಿಗೆ ಲಕ್ಷ ದಾಟುತ್ತದೆ. ಕ್ಲಬ್‌ಗಳಲ್ಲಿ ಕಲಿಯುವವರಿಗೆ ಅವರದೇ ಪಿಸ್ತೂಲು ಕೊಡುತ್ತಾರೆ. ಆರು ತಿಂಗಳು ಅದರಲ್ಲೇ ಕಲಿತು, ಕೈಗೆ ಏನು ಒಗ್ಗುತ್ತದೆ ಅಂತ ಗೊತ್ತಾದ ಮೇಲೆ ಯೋಚಿಸಿ. ಕೊಳ್ಳುವಾಗ ಲೈಸೆನ್ಸ್, ಗುರುತಿನ ದಾಖಲೆಯ ವಿಚಾರವನ್ನು ಕ್ಲಬ್‌ನವರ ಹತ್ತಿರವೇ ಕೇಳಿ ತಿಳಿದುಕೊಳ್ಳಿ. ಪಕ್ಕದ ಮನೆಯವರು ಹೇಳಿದ್ದು, ಅಂಗಡಿಯವನು ಹೇಳಿದ್ದು ನಂಬಬೇಡಿ. ಇನ್ನೊಂದು ಮಾತು. ಇದು ಆತ್ಮರಕ್ಷಣೆಯ ವಿದ್ಯೆ ಅಲ್ಲ. 'ಕಳ್ಳ ಬಂದ್ರೆ ಬೇಕಾಗುತ್ತೆ' ಅಂತ ಸೇರುವವರಿದ್ದರೆ ಈಗಲೇ ಆ ಯೋಚನೆ ಬಿಡಿ.

ಬಳೆ ತೆಗೆಯಬೇಕಾ?

ನಮ್ಮ ಮನೆಯಲ್ಲಿ ಪಿಸ್ತೂಲಿಗಿಂತ ದೊಡ್ಡ ರಾದ್ಧಾಂತ ಆಗಿದ್ದು ಇದಕ್ಕೆ. ನಿಯಮದ ಪ್ರಕಾರ ಪಿಸ್ತೂಲು ಹಿಡಿಯುವ ಕೈಯಲ್ಲಿ ಬಳೆ, ವಾಚು, ಬ್ರೇಸ್‌ಲೆಟ್, ಪಟ್ಟಿ ಯಾವುದೂ ಇರಬಾರದು. ಮಣಿಕಟ್ಟಿಗೆ ಆಧಾರ ಸಿಕ್ಕಿಬಿಡುತ್ತದೆ ಅಂತ. ಅತ್ತೆಗೆ ಇದನ್ನು ಹೇಳಿದಾಗ ಅವರು ಎರಡು ದಿನ ಮಾತೇ ಬಿಟ್ಟರು. "ಮುತ್ತೈದೆ ಕೈ ಬರಿದು ಮಾಡ್ಕೊಂಡು ಹೊಡೆಯೋ ಆಟ ಯಾಕೆ ಬೇಕು?" ಅನ್ನೋದು ಅವರ ವಾದ. ಅವರ ಮನಸ್ಸು ನೋಯಿಸಿ ಹೋಗೋದಕ್ಕೆ ನನಗೂ ಇಷ್ಟವಿರಲಿಲ್ಲ. ಒಂದು ವಾರ ರೇಂಜಿಗೆ ಹೋಗಲೇ ಇಲ್ಲ. ಆಮೇಲೆ ನಿಯಮವನ್ನು ಸರಿಯಾಗಿ ಓದಿ ಹೇಳಿದೆ. "ಅತ್ತೆ, ಹಿಡಿಯೋ ಕೈಗೆ ಮಾತ್ರ ಬೇಡ ಅಂದಿದ್ದಾರೆ, ಎಡಗೈಗೆ ಅಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಎಡಗೈಗೆ ಇನ್ನೆರಡು ಜಾಸ್ತಿ ಹಾಕ್ಕೊಂಡು ಹೋಗು" ಅಂದರು. ಈಗಲೂ ಹಾಗೇ ಹೋಗುತ್ತೇನೆ. ಗಾಜಿನದು ಮಾತ್ರ ಬೇಡ, ಪಕ್ಕದಲ್ಲಿ ಗುರಿ ಇಡುತ್ತಿರುವವರಿಗೆ ಅದರ ಸದ್ದು ಕಿರಿಕಿರಿ.

ಉಡುಪು ಚೂಡಿದಾರ್ ಆದರೆ ಆರಾಮ. ವೇಲ್ ಬಿಟ್ಟು ಬನ್ನಿ, ಇಲ್ಲವೇ ಬಿಗಿಯಾಗಿ ಕಟ್ಟಿಕೊಳ್ಳಿ. ಜೇಬು ಇರುವಂಥದ್ದು ಹೊಲಿಸಿಕೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಕಾಲಿಗೆ ಹಿಮ್ಮಡಿ ಎತ್ತರ ಇಲ್ಲದ, ಚಪ್ಪಟೆ ಅಡಿಯ ಶೂ. ಕಾಲಿನ ಗೆಣ್ಣು ಮುಚ್ಚುವಷ್ಟು ಎತ್ತರದ ಶೂಗೆ ಪಂದ್ಯದಲ್ಲಿ ಅವಕಾಶ ಇಲ್ಲ.

ನಿಲ್ಲುವುದೇ ಅರ್ಧ ವಿದ್ಯೆ

ಟಾರ್ಗೆಟ್ ಕಡೆಗೆ ನೇರ ಮುಖ ಮಾಡಿ ನಿಲ್ಲೋದಲ್ಲ, ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಬಲಗೈಯವರಾದರೆ ಬಲಗಾಲು ಮುಂದೆ, ಟಾರ್ಗೆಟ್ ಕಡೆಗೆ. ಎರಡು ಪಾದಗಳ ನಡುವೆ ಭುಜದಷ್ಟು ಅಂತರ. ಎಡಗೈಯನ್ನು ಜೇಬಿನಲ್ಲಿ ಇಟ್ಟುಬಿಡಿ, ಇಲ್ಲವೇ ಸೊಂಟದ ಪಟ್ಟಿಗೆ ಸಿಕ್ಕಿಸಿ. ಅದು ಜೋಲಾಡಿದರೆ ಇಡೀ ಮೈ ಅದರ ಜೊತೆ ತೂಗುತ್ತದೆ.

ಈಗ ಒಂದು ಚಿಕ್ಕ ಪರೀಕ್ಷೆ. ಕಣ್ಣು ಮುಚ್ಚಿ ಕೈ ಎತ್ತಿ. ಎರಡು ಸಲ ಉಸಿರಾಡಿ ಕಣ್ಣು ಬಿಡಿ. ಪಿಸ್ತೂಲು ಎಲ್ಲಿ ನೋಡುತ್ತಿದೆ? ಟಾರ್ಗೆಟ್‌ನ ಎಡಕ್ಕೋ ಬಲಕ್ಕೋ ಹೋಗಿದ್ದರೆ ಕೈಯಿಂದ ಎಳೆದು ಸರಿ ಮಾಡಬೇಡಿ. ಹಿಂದಿನ ಕಾಲನ್ನು ಒಂದಿಷ್ಟು ಸರಿಸಿ. ಮತ್ತೆ ಕಣ್ಣು ಮುಚ್ಚಿ ನೋಡಿ. ತಾನಾಗಿಯೇ ಟಾರ್ಗೆಟ್‌ಗೆ ಬಂದು ನಿಲ್ಲುವವರೆಗೆ ಹೀಗೆ ಮಾಡಿ. ಕೈಯಿಂದ ಎಳೆದು ತಂದರೆ ಹತ್ತು ಗುಂಡಿನವರೆಗೆ ಏನೂ ಗೊತ್ತಾಗುವುದಿಲ್ಲ. ಮೂವತ್ತನೇ ಗುಂಡಿನ ಹೊತ್ತಿಗೆ ಭುಜ ಕೂಗಲು ಶುರು ಮಾಡುತ್ತದೆ.

ಹಿಡಿತ? ಯಾರಿಗಾದರೂ ಕೈ ಕುಲುಕುವಾಗ ಹಿಡಿಯುತ್ತೀವಲ್ಲ, ಹಾಗೆ. ಮುಂದಿನಿಂದ ಹಿಂದಕ್ಕೆ ಒತ್ತಡ ಇರಲಿ, ಮಣಿಕಟ್ಟು ಗಟ್ಟಿಯಾಗಿರಲಿ, ಹೆಬ್ಬೆರಳು ಸುಮ್ಮನೆ ಒರಗಿರಲಿ. ಪ್ರತಿ ಸಲ ಒಂದೇ ಥರ ಹಿಡಿಯೋದು ಮುಖ್ಯ. ಒಂದು ಸಲ ಬಿಗಿ, ಒಂದು ಸಲ ಸಡಿಲ ಆದರೆ ಗುಂಡುಗಳೂ ಹಾಗೇ ಚೆಲ್ಲಾಪಿಲ್ಲಿ. ಮರದ ಹಿಡಿಯನ್ನು ನಿಮ್ಮ ಅಂಗೈಗೆ ತಕ್ಕ ಹಾಗೆ ಉಜ್ಜಿಸಿ, ಪುಟ್ಟಿ ತುಂಬಿಸಿ ಸರಿ ಮಾಡಿಸಿಕೊಳ್ಳಬಹುದು. ಆದರೆ ಕ್ಲಬ್ಬಿನ ಪಿಸ್ತೂಲಿಗೆ ಅದನ್ನು ಮಾಡಬೇಡಿ, ಬೈಸಿಕೊಳ್ಳುತ್ತೀರಿ.

ಟಾರ್ಗೆಟ್ ನೋಡಬೇಡಿ!

ಹೌದು, ಸರಿಯಾಗೇ ಓದಿದಿರಿ. ಪಿಸ್ತೂಲಿನ ಮೇಲೆ ಹಿಂದೆ ಒಂದು ಕಚ್ಚು, ಮುಂದೆ ಒಂದು ಪುಟ್ಟ ಕಂಬ ಇರುತ್ತವೆ. ಇವಕ್ಕೆ ಸೈಟ್ ಅನ್ನುತ್ತಾರೆ. (ಬೆಂಗಳೂರಿನವರಿಗೆ ಸೈಟ್ ಅಂದ ತಕ್ಷಣ 30-40 ಜಾಗವೇ ಕಣ್ಣಿಗೆ ಬರೋದು, ಇದು ಬೇರೆ!) ಮುಂದಿನ ಕಂಬ ಹಿಂದಿನ ಕಚ್ಚಿನ ನಡುವೆ ಕೂರಬೇಕು, ಎರಡೂ ಪಕ್ಕ ಒಂದೇ ಸಮ ಬೆಳಕು ಕಾಣಬೇಕು, ತಲೆ ಒಂದೇ ಮಟ್ಟದಲ್ಲಿರಬೇಕು. ನಿಮ್ಮ ಕಣ್ಣು ಈ ಮುಂದಿನ ಕಂಬದ ಮೇಲೆಯೇ ಇರಬೇಕು. ಅದು ಚುರುಕಾಗಿ ಕಂಡರೆ ದೂರದ ಕಪ್ಪು ವೃತ್ತ ಮಸುಕಾಗಿ ಕಾಣುತ್ತದೆ. ಕಾಣಲಿ ಬಿಡಿ. ಆ ಮಸುಕು ಕಪ್ಪಿನ ಕೆಳಗೆ, ಬಿಳಿಯ ಜಾಗದಲ್ಲಿ ಪಿಸ್ತೂಲನ್ನು ನಿಲ್ಲಿಸಿದರೆ ಸಾಕು. ಗುಂಡು ನಡುವಿಗೆ ಹೋಗುವ ಹಾಗೆ ಸೈಟನ್ನು ಮೊದಲೇ ಹೊಂದಿಸಿರುತ್ತಾರೆ.

ಯಾಕೆ ಹೀಗೆ ಅಂತ ನನಗೂ ಅರ್ಥವಾಗಿರಲಿಲ್ಲ. ಕೋಚ್ ಲೆಕ್ಕ ಹಾಕಿ ತೋರಿಸಿದರು. ಎರಡು ಸೈಟ್‌ಗಳ ನಡುವಿನ ಅಂತರ 32 ಸೆಂಟಿಮೀಟರ್ ಅಂದುಕೊಳ್ಳಿ. ಇಡೀ ಕೈ ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ, ಗುಂಡೂ ಟಾರ್ಗೆಟ್‌ನಲ್ಲಿ ಒಂದೇ ಸೆಂಟಿಮೀಟರ್ ಸರಿಯುತ್ತದೆ, ಆಗಲೂ ಒಂಬತ್ತು ಸಿಗುತ್ತದೆ. ಆದರೆ ಕೈ ಅಲ್ಲೇ ಇದ್ದು, ಮುಂದಿನ ಕಂಬ ಹಿಂದಿನ ಕಚ್ಚಿನಲ್ಲಿ ಒಂದೇ ಒಂದು ಮಿಲಿಮೀಟರ್ ಓರೆಯಾದರೆ? ಹತ್ತು ಮೀಟರ್ ದೂರದಲ್ಲಿ ಅದು ಮೂರು ಸೆಂಟಿಮೀಟರ್ ಆಗಿಬಿಡುತ್ತದೆ! ಹತ್ತು ಬೀಳಬೇಕಾದ ಕಡೆ ಏಳೋ ಆರೋ.

ಅಂದರೆ ನಿಮ್ಮ ಕೈ ನಡುಗುವುದು ಅಷ್ಟು ದೊಡ್ಡ ತಪ್ಪೇ ಅಲ್ಲ. ಒಲಿಂಪಿಕ್ಸ್‌ಗೆ ಹೋದವರ ಕೈಯೂ ನಡುಗುತ್ತದೆ. ನಡುಗುವ ಕೈ, ನೆಟ್ಟಗಿರುವ ಸೈಟ್, ಇಷ್ಟಿದ್ದರೆ ಎಂಟು ಒಂಬತ್ತು ಹತ್ತು ಬೀಳುತ್ತಲೇ ಇರುತ್ತವೆ. ಎಲ್ಲ ಕೆಡಿಸುವುದು ಕೈಯಲ್ಲ, ಬೆರಳು.

ನಲವತ್ತು ದಾಟಿದವರಿಗೆ ಒಂದು ಕಿವಿಮಾತು. ಕೈ ಚಾಚಿದಾಗ ಮುಂದಿನ ಸೈಟ್ ಕಣ್ಣಿನಿಂದ ಒಂದು ತೋಳಿನಷ್ಟು ದೂರದಲ್ಲಿರುತ್ತದೆ. ಪೇಪರ್ ಓದುವ ಕನ್ನಡಕದಲ್ಲಿ ಅದು ಮಂಜು ಮಂಜು. ದೂರದ ಕನ್ನಡಕದಲ್ಲಿ ಟಾರ್ಗೆಟ್ ಚೆನ್ನಾಗಿ ಕಾಣುತ್ತದೆ, ಸೈಟ್ ಕಾಣುವುದಿಲ್ಲ. ಕಣ್ಣಿನ ಡಾಕ್ಟರಿಗೆ ಈ ದೂರವನ್ನು ಅಳೆದು ಹೇಳಿ, ಅದಕ್ಕೇ ಒಂದು ಗಾಜು ಬರೆಸಿಕೊಳ್ಳಿ. ನಾನು ಇದು ಗೊತ್ತಾಗದೆ ಎಂಟು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆ. ಇನ್ನೊಂದು ಕಣ್ಣನ್ನು ಮುಚ್ಚಿ ಕಿವುಚಿಕೊಳ್ಳಬೇಡಿ, ಮುಖವೆಲ್ಲ ಬಿಗಿಯುತ್ತದೆ. ಆ ಕಣ್ಣಿನ ಮುಂದೆ ಚಿಕ್ಕದೊಂದು ಮರೆ ಹಾಕಿಕೊಂಡು ಎರಡೂ ಕಣ್ಣು ತೆರೆದೇ ಇಡಿ. ಪಂದ್ಯದಲ್ಲಿ ಆ ಮರೆ 30 ಮಿಲಿಮೀಟರಿಗಿಂತ ಅಗಲ ಇರಬಾರದು.

ಸೀದ ಒಗ್ಗರಣೆ ಸಾರಿಗೆ ಹಾಕ್ತೀರಾ?

ಪಂದ್ಯದ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು ಅನ್ನುವುದು ನಿಯಮ. ಅರ್ಧ ಕೆಜಿ ಸಕ್ಕರೆ ಪ್ಯಾಕೆಟ್ಟನ್ನು ತೋರುಬೆರಳಿನ ತುದಿಗೆ ನೇತು ಹಾಕಿದಷ್ಟು. ಆ ಭಾರವನ್ನು ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗದಿಂದ, ನೇರ ಹಿಂದಕ್ಕೆ, ನಿಧಾನವಾಗಿ ಹೆಚ್ಚಿಸುತ್ತಾ ಹೋಗಬೇಕು. ಯಾವ ಗಳಿಗೆಯಲ್ಲಿ ಗುಂಡು ಹಾರುತ್ತದೆ ಅನ್ನುವುದು ನಿಮಗೇ ಗೊತ್ತಾಗಬಾರದು. ಆದರೆ ನಾವೇನು ಮಾಡುತ್ತೀವಿ? ಕೈ ಓಲಾಡುತ್ತಾ ಓಲಾಡುತ್ತಾ ಸರಿಯಾದ ಜಾಗಕ್ಕೆ ಬಂದ ಕೂಡಲೇ "ಈಗ!" ಅಂತ ಟ್ರಿಗರ್ ಕಿತ್ತುಬಿಡುತ್ತೀವಿ. ಮಣಿಕಟ್ಟು ಮುರಿಯುತ್ತದೆ, ಸೈಟ್ ಓರೆಯಾಗುತ್ತದೆ, ಗುಂಡು ಎಡಗಡೆ ಕೆಳಗೆ.

ಉಸಿರು ಎಳೆದುಕೊಳ್ಳುತ್ತಾ ಕೈಯನ್ನು ಕಪ್ಪಿನ ಮೇಲಕ್ಕೆ ಎತ್ತಿ, ಉಸಿರು ಬಿಡುತ್ತಾ ಕೆಳಗಿಳಿಸಿ ಬಿಳಿಯಲ್ಲಿ ನಿಲ್ಲಿಸಿ, ಅರ್ಧ ಉಸಿರಲ್ಲಿ ತಡೆಯಿರಿ. ಬೆರಳು ಅಷ್ಟರಲ್ಲೇ ಕೆಲಸ ಶುರು ಮಾಡಿರಬೇಕು. ಆರೇಳು ಸೆಕೆಂಡಿನಲ್ಲಿ ಗುಂಡು ಹೋಯಿತೋ, ಸರಿ. ಹೋಗಲಿಲ್ಲವೋ, ಕೈ ಇಳಿಸಿ.

ಇಡೀ ಆಟದಲ್ಲಿ ನನಗೆ ತುಂಬಾ ಕಷ್ಟವಾಗಿದ್ದು ಈ ಇಳಿಸುವುದೇ. ಎತ್ತಿದ ಮೇಲೆ ಹೊಡೆದೇ ತೀರಬೇಕು ಅನ್ನಿಸುತ್ತದೆ. ಪಕ್ಕದವರು ಟಪ್ ಟಪ್ ಅಂತ ಹೊಡೆಯುತ್ತಿರುತ್ತಾರೆ, ನಾನೊಬ್ಬಳೇ ಹಿಂದೆ ಬಿದ್ದೆ ಅನ್ನಿಸುತ್ತದೆ, ತೋಳು ನೋಯುತ್ತಿರುತ್ತದೆ, 'ಇದೊಂದು ಹೊಡೆದುಬಿಡೋಣ' ಅಂತ ಮನಸ್ಸು ಹೇಳುತ್ತದೆ. ಆ 'ಇದೊಂದು' ಇದೆಯಲ್ಲ, ಅದೇ ಆರು ಅಂಕದ ಗುಂಡು. ಒಗ್ಗರಣೆ ಸೀದರೆ ಏನು ಮಾಡ್ತೀರಿ? ಸಾರಿಗೆ ಹಾಕಿ ಇಡೀ ಪಾತ್ರೆ ಕೆಡಿಸ್ತೀರಾ? ಒಂದು ಚಮಚ ಎಣ್ಣೆ ಹೋದರೆ ಹೋಗಲಿ ಅಂತ ಹೊಸದಾಗಿ ಹಾಕ್ತೀರಿ ತಾನೇ? ಹಾಗೇ ಇದೂ. 75 ಸೆಕೆಂಡ್ ಲೆಕ್ಕ ನೆನಪಿದೆಯಾ? ಒಂದು ಗುಂಡಿಗೆ ಎರಡು ಸಲ ಎತ್ತಿ ಇಳಿಸಿದರೂ ಸಮಯ ಉಳಿಯುತ್ತದೆ.

ಗುಂಡು ಹಾರಿದ ಮೇಲೂ ಒಂದೆರಡು ಸೆಕೆಂಡ್ ಕೈ ಅಲ್ಲೇ, ಕಣ್ಣು ಸೈಟ್ ಮೇಲೇ ಇರಲಿ. ಎಲ್ಲಿ ಬಿತ್ತು ಅಂತ ನೋಡುವ ಮೊದಲು ಮನಸ್ಸಿನಲ್ಲೇ ಹೇಳಿ, 'ಒಂಬತ್ತು, ಬಲಕ್ಕೆ' ಅಂತ. ಆಮೇಲೆ ನೋಡಿ. ನಿಮ್ಮ ಊಹೆ ನಿಜವಾಗತೊಡಗಿದ ದಿನ ನಿಮಗೆ ಆಟ ಬರತೊಡಗಿದೆ ಅಂತ ಅರ್ಥ.

ಮನೆಯಲ್ಲಿ ಏನು ಅಭ್ಯಾಸ ಮಾಡಬಹುದು? ಪಿಸ್ತೂಲಿನ ತೂಕ ಸುಮಾರು ಒಂದು ಕೆಜಿ. ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ನೀರು ತುಂಬಿದ ಬಾಟಲಿ ಹಿಡಿದು ಕೈ ಚಾಚಿ ಮೂವತ್ತು ಸೆಕೆಂಡ್ ನಿಲ್ಲಿ, ಇಳಿಸಿ, ಮತ್ತೆ ಎತ್ತಿ. ದಿನಕ್ಕೆ ಹತ್ತು ಸಲ ಸಾಕು, ಭುಜ ನೋಯಿಸಿಕೊಳ್ಳಬೇಡಿ. ಸ್ವಂತ ಪಿಸ್ತೂಲಿದ್ದು ಅದರಲ್ಲಿ ಗುಂಡಿಲ್ಲದೆ ಟ್ರಿಗರ್ ಒತ್ತುವ ವ್ಯವಸ್ಥೆ ಇದ್ದರೆ, ಖಾಲಿ ಬಿಳಿ ಗೋಡೆ ಕಡೆ ಇಪ್ಪತ್ತು ಸಲ ಒತ್ತಿ. ಟಾರ್ಗೆಟ್ ಬೇಡವೇ ಬೇಡ, ಸೈಟ್ ಅಲುಗಿತಾ ಅಂತ ನೋಡೋದಷ್ಟೇ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ, ಮಕ್ಕಳು ಸ್ಕೂಲಿಗೆ ಹೋಗಿರಲಿ. ಎಲ್ಲ ಪಿಸ್ತೂಲಿನಲ್ಲೂ ಹೀಗೆ ಮಾಡುವ ಹಾಗಿಲ್ಲ, ಸ್ಪ್ರಿಂಗ್ ಇರುವುದು ಹಾಳಾಗುತ್ತದೆ. ಕೋಚ್ ಕೇಳಿಯೇ ಮಾಡಿ.

ಹಬ್ಬದ ದಿನವೇ ಗ್ಯಾಸ್ ಖಾಲಿ

ಈಗ ಜೋಪಾನದ ವಿಷಯ. ಇದರಲ್ಲಿ ನಾವು ಗಂಡಸರಿಗಿಂತ ಒಂದು ಕೈ ಮೇಲೆ ಅಂತ ನನಗೆ ಅನ್ನಿಸೋದು. ಕುಕ್ಕರ್ ಗ್ಯಾಸ್ಕೆಟ್, ಸಿಲಿಂಡರ್, ಹೊಲಿಗೆ ಮಿಷನ್ನು, ಇವನ್ನೆಲ್ಲ ವರ್ಷಾನುಗಟ್ಟಲೆ ನೋಡಿಕೊಂಡಿದ್ದೀವಲ್ಲ!

ಆದರೂ ನಾನು ಮೋಸ ಹೋದೆ. ನನ್ನ ಮೊದಲ ಪಂದ್ಯದ ಹಿಂದಿನ ದಿನ ಮನೆಗೆ ನೆಂಟರು. ಒಬ್ಬಟ್ಟು ಮಾಡಿ, ಪಾತ್ರೆ ತೊಳೆದು ಮಲಗುವಾಗ ಹನ್ನೆರಡು. ಬೆಳಗ್ಗೆ ಬ್ಯಾಗ್ ಎತ್ತಿಕೊಂಡು ಓಡಿದೆ. ನಲವತ್ತು ಗುಂಡಿನವರೆಗೆ ನನ್ನ ಲೆಕ್ಕದಲ್ಲಿ ಚೆನ್ನಾಗೇ ಹೋಯಿತು. ಆಮೇಲೆ ಗುಂಡುಗಳು ಕೆಳಕ್ಕೆ ಬೀಳತೊಡಗಿದವು. ತೋಳು ಸೋತಿದೆ ಅಂದುಕೊಂಡೆ. ಸೈಟನ್ನು ಎರಡು ಕ್ಲಿಕ್ ಮೇಲೇರಿಸಿದೆ. ಮತ್ತೂ ಕೆಳಗೆ. ಇನ್ನೂ ಮೂರು ಕ್ಲಿಕ್. ಐದು, ನಾಲ್ಕು... ಕಣ್ಣಲ್ಲಿ ನೀರು. ಪಂದ್ಯ ಮುಗಿದ ಮೇಲೆ ಕೋಚ್ ಬಂದು ಪಿಸ್ತೂಲಿನ ಸಿಲಿಂಡರ್ ತುದಿಯ ಮೀಟರ್ ತೋರಿಸಿದರು. ಮುಳ್ಳು ತಳ ಮುಟ್ಟಿತ್ತು. ಗಾಳಿ ಖಾಲಿ! ಹಬ್ಬದ ದಿನವೇ ಗ್ಯಾಸ್ ಮುಗಿದ ಹಾಗೆ.

ಈ ಪಿಸ್ತೂಲುಗಳ ಸಿಲಿಂಡರಿನಲ್ಲಿ ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 200 ಬಾರ್ ಒತ್ತಡ ಇರುತ್ತದೆ. ಒಳಗೊಂದು ರೆಗ್ಯುಲೇಟರ್, ನಮ್ಮ ಒಲೆಗೆ ಇರುವ ಹಾಗೆಯೇ. ಅದು ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಬಿಡುತ್ತದೆ. ಸಿಲಿಂಡರಿನ ಒತ್ತಡ ರೆಗ್ಯುಲೇಟರಿನ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಏನೂ ಗೊತ್ತಾಗುವುದಿಲ್ಲ. ಇಳಿದ ಮೇಲೆ ಪ್ರತಿ ಗುಂಡೂ ಹಿಂದಿನದಕ್ಕಿಂತ ಮೆತ್ತಗೆ. ಅದಕ್ಕೇ ರೇಂಜಿಗೆ ಹೋದ ಕೂಡಲೇ ಮೊದಲು ಮೀಟರ್ ನೋಡಿ. ಹಿಂದಿನ ದಿನ ಎಷ್ಟಿತ್ತು ಅಂತ ಪುಸ್ತಕದಲ್ಲಿ ಬರೆದಿಡಿ. ಉಪಯೋಗಿಸದೇ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಹೆಚ್ಚಾಗಿ ಸಿಲಿಂಡರ್ ಕೂರುವ ಜಾಗದ ಪುಟ್ಟ ರಬ್ಬರ್ ರಿಂಗ್ ಸವೆದಿರುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಗಟ್ಟಿಯಾದರೆ ಹಬೆ ಸೋರುತ್ತದಲ್ಲ, ಅದೇ ಕಥೆ. ಎರಡು ರಿಂಗ್ ಯಾವಾಗಲೂ ಬ್ಯಾಗಿನಲ್ಲಿರಲಿ.

ಅಡುಗೆ ಗ್ಯಾಸ್ ಸಿಲಿಂಡರಿನ ಮೇಲೆ ಎ, ಬಿ, ಸಿ, ಡಿ ಅಂತ ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತದೆ. ಪರೀಕ್ಷೆಯ ಗಡುವು ಅದು. ನೋಡಿ ಇಳಿಸಿಕೊಳ್ಳುತ್ತೀರಲ್ಲ? ಪಿಸ್ತೂಲಿನ ಸಿಲಿಂಡರಿಗೂ ತಯಾರಾದ ತಾರೀಕು ಕೆತ್ತಿರುತ್ತಾರೆ. ಸಾಮಾನ್ಯವಾಗಿ ಹತ್ತು ವರ್ಷ, ಆಮೇಲೆ ಉಪಯೋಗಿಸಬಾರದು. ಹಳೇ ಪಿಸ್ತೂಲು ಕೊಳ್ಳುವವರು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಈ ತಾರೀಕನ್ನು. ಗಾಳಿ ತುಂಬಿಸುವ ಕೆಲಸ ಕ್ಲಬ್‌ನಲ್ಲಿ ಗೊತ್ತಿರುವವರೇ ಮಾಡಲಿ. ಆಸ್ಪತ್ರೆಯ ಆಕ್ಸಿಜನ್ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ಸಿಡಿದುಹೋಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಸಿಲಿಂಡರ್ ಬಿಡಬೇಡಿ.

ಎಣ್ಣೆ ವಿಷಯದಲ್ಲೂ ಹುಷಾರು. ಲಿವರ್ ಸ್ವಲ್ಪ ಬಿಗಿ ಅನ್ನಿಸಿದಾಗ ನನ್ನ ಕೈ ತಾನಾಗಿಯೇ ಹೊಲಿಗೆ ಮಿಷನ್ನಿನ ಎಣ್ಣೆ ಬಾಟಲಿಗೆ ಹೋಗಿತ್ತು. ಕೋಚ್‌ಗೆ ಫೋನ್ ಮಾಡಿದ್ದು ಒಳ್ಳೇದಾಯ್ತು. ಒತ್ತಡದ ಗಾಳಿಗೆ ಮಾಮೂಲಿ ಎಣ್ಣೆ ಸೇರಿದರೆ ಹೊತ್ತಿಕೊಳ್ಳುವ ಅಪಾಯ ಇದೆ. ಪಿಸ್ತೂಲಿನ ಜೊತೆ ಬಂದ ಗ್ರೀಸ್ ಬಿಟ್ಟು ಬೇರೇನೂ ಬೇಡ, ಅದೂ ಹೇಳಿದ ಜಾಗಕ್ಕೆ, ಸಾಸಿವೆಯಷ್ಟು.

ನಳಿಗೆಗೆ ದಿನಾ ಏನೂ ಮಾಡಬೇಕಾಗಿಲ್ಲ. ಆಗಾಗ ಫೆಲ್ಟ್ ಪೆಲೆಟ್‌ನಿಂದ ಸ್ವಚ್ಛ ಮಾಡಿದರೆ ಸಾಕು. ಕಬ್ಬಿಣದ ಕಡ್ಡಿ ತೂರಿಸಬೇಡಿ. ಹೊಡೆದಾದ ಮೇಲೆ ಲೋಹದ ಮೇಲಿನ ಬೆವರನ್ನು ಒಣ ಬಟ್ಟೆಯಿಂದ ಒರೆಸಿ, ಬೆವರಿನ ಉಪ್ಪಿಗೆ ತುಕ್ಕು ಬೇಗ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತಿಂಗಳಿಗೊಮ್ಮೆ ಸೈಟ್ ಮತ್ತು ಹಿಡಿಯ ತಿರುಪುಗಳು ಸಡಿಲವಾಗಿವೆಯಾ ಅಂತ ನೋಡಿ. ಪೆಲೆಟ್‌ಗಳಲ್ಲಿ ಮೂತಿ ಚಪ್ಪಟೆ ಇರುವವನ್ನೇ ತಗೊಳ್ಳಿ, ಅವು ಕಾಗದದಲ್ಲಿ ಕತ್ತರಿಸಿದ ಹಾಗೆ ದುಂಡನೆ ತೂತು ಮಾಡುತ್ತವೆ. ಡಬ್ಬಿ ಕೆಳಗೆ ಬಿದ್ದು ಸೊಟ್ಟಗಾದವನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯಿರಿ.

ಇಷ್ಟೆಲ್ಲ ಯಾಕೆ ಅನ್ನಿಸುತ್ತಿದೆಯಾ? ಮನು ಭಾಕರ್ ಕಥೆ ಕೇಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಆಕೆಯ ಪಿಸ್ತೂಲಿನ ಲಿವರ್ ಮುರಿಯಿತು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗಿದ್ದವು. 575 ಅಂಕ, 12ನೇ ಸ್ಥಾನ. ಎರಡೇ ಅಂಕಗಳಿಂದ ಫೈನಲ್ ತಪ್ಪಿತು. ಜೋಪಾನ ಮಾಡಿದ್ದೂ ಒಮ್ಮೊಮ್ಮೆ ಮುರಿಯುತ್ತದೆ, ಅದು ಯಾರ ತಪ್ಪೂ ಅಲ್ಲ. ನಾವು ನೋಡಿಕೊಳ್ಳಬಹುದಾದ್ದನ್ನು ನೋಡದೇ ಬಿಟ್ಟು ಸೋತರೆ ಮಾತ್ರ ಹೊಟ್ಟೆ ಉರಿಯುತ್ತದೆ. ಅದೇ ಮನು 2024ರ ಪ್ಯಾರಿಸ್‌ನಲ್ಲಿ 221.7 ಅಂಕ ಗಳಿಸಿ ಕಂಚು ಗೆದ್ದರು. ಮಿಶ್ರ ತಂಡದಲ್ಲಿ ಇನ್ನೊಂದು ಕಂಚು.

ಮನೆಯಲ್ಲಿ ಮಕ್ಕಳಿದ್ದಾರೆ, ಜೋಕೆ

ಏರ್ ಪಿಸ್ತೂಲು ಆಟಿಕೆ ಅಲ್ಲ. ಹತ್ತಿರದಿಂದ ತಾಗಿದರೆ ಕಣ್ಣು ಹೋಗುತ್ತದೆ. ಗುಂಡು ಇಲ್ಲ ಅಂತ ನೂರಕ್ಕೆ ನೂರು ಗೊತ್ತಿದ್ದರೂ ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡಿ. ಗುರಿ ಇಡುವವರೆಗೆ ಬೆರಳು ಟ್ರಿಗರ್ ಮೇಲೆ ಬೇಡ. ರೇಂಜಿನಲ್ಲಿ ಹೇಳಿದ ಮೇಲೇ ಗುಂಡು ತುಂಬಿ, ಕೆಳಗಿಟ್ಟಾಗ ಲಿವರ್ ತೆರೆದು ಬಣ್ಣದ ಸೇಫ್ಟಿ ಫ್ಲ್ಯಾಗ್ ತೂರಿಸಿಡಿ. ಮನೆಯಲ್ಲಾದರೆ ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಬೀರುವಿನಲ್ಲಿ, ಪೆಲೆಟ್ ಬೇರೆ ಕಡೆ. ಬೀಗದ ಕೈ ನಿಮ್ಮ ಹತ್ತಿರ, ಒಡವೆ ಬೀಗದ ಕೈ ಜೊತೆ. ನೆಂಟರ ಮಕ್ಕಳು ಬಂದಾಗ "ಆಂಟಿ ತೋರ್ಸಿ ಆಂಟಿ" ಅಂತಾರೆ. ತೋರಿಸಬೇಡಿ. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಆಟೋದಲ್ಲಿ ಪೆಟ್ಟಿಗೆ ತೆರೆಯುವ ಪ್ರಶ್ನೆಯೇ ಇಲ್ಲ.

ಇನ್ನು ಸೀಸ. ಇದನ್ನು ತುಂಬಾ ಜನ ಹೇಳುವುದೇ ಇಲ್ಲ. ಪೆಲೆಟ್ ಮುಟ್ಟಿದ ಬೆರಳಿಗೆ ಸೀಸದ ಪುಡಿ ಅಂಟಿರುತ್ತದೆ. ಅದು ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚು, ಬುದ್ಧಿ ಬೆಳವಣಿಗೆಗೇ ಪೆಟ್ಟು. ಗರ್ಭಿಣಿಯರು, ಎದೆಹಾಲು ಕುಡಿಸುವವರು ಡಾಕ್ಟರನ್ನು ಕೇಳದೆ ರೇಂಜಿಗೆ ಕಾಲಿಡಬಾರದು. ರೇಂಜಿನ ಒಳಗೆ ತಿಂಡಿ ಡಬ್ಬಿ ತೆರೆಯಬೇಡಿ, ನೀರು ಕುಡಿಯುವ ಮೊದಲೂ ಕೈ ತೊಳೆಯಿರಿ. ಪೆಲೆಟ್ಟನ್ನು ಹೊಲಿಯುವಾಗ ಗುಂಡುಪಿನ್ನು ಕಚ್ಚಿಕೊಳ್ಳುವ ಹಾಗೆ ತುಟಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ. ಕೈ ಒರೆಸಿದ ಕರ್ಚೀಫನ್ನು ಮಕ್ಕಳ ಬಟ್ಟೆ ಜೊತೆ ಮಿಷನ್ನಿಗೆ ಹಾಕಬೇಡಿ.

ನಾನು ಮನೆಗೆ ಬಂದರೆ ಮೊದಲು ಹಿತ್ತಲಿನ ನಲ್ಲಿಗೆ. ಸೋಪು ಹಚ್ಚಿ ಎರಡು ಸಲ ಕೈ ತೊಳೆದು, ಬಟ್ಟೆ ಬದಲಾಯಿಸಿ, ಆಮೇಲೇ ಅಡುಗೆಮನೆ. ಅಷ್ಟರಲ್ಲಿ ಅತ್ತೆ ಬಾಗಿಲ ಹತ್ತಿರ ನಿಂತಿರುತ್ತಾರೆ, ಕೈಯಲ್ಲಿ ನನ್ನ ಬಲಗೈ ಬಳೆಗಳು. "ಇವತ್ತು ಎಷ್ಟೇ?" ಅಂತಾರೆ. ಕಳೆದ ಶನಿವಾರ 60 ಗುಂಡಿಗೆ 521 ಅಂದೆ. "ಆರುನೂರಕ್ಕೆ ತಾನೇ? ಉಳಿದ 79 ಎಲ್ಲಿ ಹೋಯ್ತು?" ಅಂತ ಕೇಳಿದರು.